ಹಳೆಯ ಕಾರಿನ ಮುಂದಿನ ಗಾಲಿ ಸದ್ದು ಮಾಡಿದರೆ

ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವ ರೈತರಿದ್ದಾರೆ. ಹಳದಿ ಬಣ್ಣ ಕೆಳಗಿನ ಹಳೆಯ ಎಲೆಗಳಲ್ಲಿ ಮೊದಲು ಕಂಡಿತೋ, ತುದಿಯ ಎಳೆಯ ಎಲೆಗಳಲ್ಲಿ ಮೊದಲು ಕಂಡಿತೋ ಎಂಬುದನ್ನು ಅವರು ನೋಡುವುದಿಲ್ಲ. ಮೊದಲನೆಯದಾದರೆ ಸಾರಜನಕದ ಕೊರತೆ ಇರಬಹುದು. ಎರಡನೆಯದಾದರೆ ಗಂಧಕವೋ ಕಬ್ಬಿಣವೋ ಸಾಲದೆ ಇರಬಹುದು. ಆಗ ಎಷ್ಟು ಯೂರಿಯಾ ಸುರಿದರೂ ಪ್ರಯೋಜನವಿಲ್ಲ. ಕಾರಿನ ಮುಂದಿನ ಗಾಲಿಯಲ್ಲಿ ಸದ್ದು ಬಂದಾಗಲೂ ಇದೇ ಬಗೆಯ ತಪ್ಪು ನಡೆಯುತ್ತದೆ. ಸದ್ದು ಕೇಳಿತೆಂದರೆ "ಬೇರಿಂಗು ಹೋಗಿದೆ" ಎಂದು ತೀರ್ಮಾನಿಸಿ ಬದಲಾಯಿಸುತ್ತಾರೆ. ಸದ್ದು ಹೋಗುವುದಿಲ್ಲ, ಹಣ ಮಾತ್ರ ಹೋಗುತ್ತದೆ.

ಬೇಸಾಯಶಾಸ್ತ್ರದವನು ಕಾರಿನ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಕ್ಷೇತ್ರೋತ್ಸವಗಳಿಗೆ ಹಳ್ಳಿಗಳಿಗೆ ಹೋದಾಗ ಬೆಳೆಯ ವಿಚಾರ ಮುಗಿದ ಮೇಲೆ ಮಾತು ಟ್ರ್ಯಾಕ್ಟರು, ಪಂಪು, ಕಾರುಗಳ ಕಡೆ ತಿರುಗುವುದು ಸಾಮಾನ್ಯ. ಇಂದು ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಕಾರುಗಳು ಸಾಕಷ್ಟಿವೆ. ಸಂತೆಗೆ ತರಕಾರಿ, ಡೇರಿಗೆ ಹಾಲು, ಆಸ್ಪತ್ರೆಗೆ ಬಾಣಂತಿ, ಹೊಲಕ್ಕೆ ಗೊಬ್ಬರದ ಮೂಟೆ ಎಲ್ಲಕ್ಕೂ ಅದೇ ವಾಹನ. ಈ ಲೇಖನದಲ್ಲಿ ಮಾರುತಿ 800 ಕಾರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 1983ರ ಡಿಸೆಂಬರಿನಲ್ಲಿ ತಯಾರಿಕೆ ಆರಂಭವಾಗಿ 2014ರ ಜನವರಿಯಲ್ಲಿ ನಿಂತ ಈ ಕಾರು ಇನ್ನೂ ಹಲವು ಮನೆಗಳ ಅಂಗಳದಲ್ಲಿದೆ. ಆಲ್ಟೋ ಮುಂತಾದ, ಮುಂದಿನ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಇತರ ಸಣ್ಣ ಕಾರುಗಳಿಗೂ ಇಲ್ಲಿ ಹೇಳಿದ್ದು ಹೆಚ್ಚುಕಡಮೆ ಹೊಂದುತ್ತದೆ.

ಅಂಬಾಸಿಡರ್ ಕಾರಿನಲ್ಲಿ ಎಂಜಿನ್ನು ತಿರುಗಿಸುವುದು ಹಿಂದಿನ ಗಾಲಿಗಳನ್ನು. ಮುಂದಿನವು ಭಾರ ಹೊತ್ತು ದಿಕ್ಕು ತೋರಿಸಿದರೆ ಸಾಕು. ಮಾರುತಿ 800ರಲ್ಲಿ ಹಾಗಲ್ಲ. ಭಾರ ಹೊರುವುದು, ದಿಕ್ಕು ಬದಲಿಸುವುದು, ಬ್ರೇಕಿನ ಹೆಚ್ಚಿನ ಪಾಲು ತಡೆದುಕೊಳ್ಳುವುದು, ಇವುಗಳ ಜೊತೆಗೆ ಕಾರನ್ನು ಎಳೆಯುವುದೂ ಮುಂದಿನ ಗಾಲಿಗಳ ಕೆಲಸ. ಒಂದೇ ಎತ್ತಿಗೆ ನೊಗ, ಮೂಕಿ ಎರಡನ್ನೂ ಹೊರಿಸಿದಂತೆ. ಆದ್ದರಿಂದ ಸವೆಯುವ ಭಾಗಗಳೂ ಅಲ್ಲಿಯೇ ಹೆಚ್ಚು, ಸದ್ದಿನ ಬಗೆಗಳೂ ಹೆಚ್ಚು.

ಮೊದಲು ನೋಡಬೇಕಾದದ್ದು

ಯಾವ ಪರೀಕ್ಷೆಗೂ ಮುನ್ನ ಗಾಲಿಯ ನಟ್ಟುಗಳನ್ನು ನೋಡಿರಿ. ಪಂಕ್ಚರ್ ಹಾಕಿಸಿದ ಒಂದೆರಡು ದಿನಗಳಲ್ಲಿ ನಿಧಾನವಾದ ಓಟದಲ್ಲಿ "ಕಟ್ ಕಟ್" ಎಂಬ ಸದ್ದು ಆರಂಭವಾದರೆ ನಟ್ಟು ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ನಟ್ಟಿನ ಒಂದು ತುದಿ ಇಳಿಜಾರಾಗಿ ಕೊರೆದಿರುತ್ತದೆ. ಆ ತುದಿ ಗಾಲಿಯ ಕಡೆಗೆ ಇರತಕ್ಕದ್ದು. ಆತುರದಲ್ಲಿ ತಿರುಗುಮುರುಗಾಗಿ ಹಾಕಿದ ನಟ್ಟು ಬಿಗಿಯಾದಂತೆ ತೋರಿದರೂ ಗಾಲಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಬಿಗಿಮಾಡುವಾಗ ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು ಬಿಗಿಯಬೇಕು. ಸುತ್ತಾಗಿ ಒಂದರ ಪಕ್ಕ ಇನ್ನೊಂದನ್ನು ಬಿಗಿಯುತ್ತ ಹೋದರೆ ಗಾಲಿ ಓರೆಯಾಗಿ ಕೂರುತ್ತದೆ. ರಂಧ್ರಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಆ ಚಕ್ರವನ್ನು ಮತ್ತೆ ಬಳಸಬಾರದು.

ಎರಡನೆಯದಾಗಿ ಗಾಲಿಯ ಒಳಮಗ್ಗುಲು. ಗದ್ದೆಯ ಬದುವಿನಲ್ಲಿ ಓಡಾಡಿದ ಕಾರಿನ ಚಕ್ರದೊಳಗೆ ಜೇಡಿ ಮಣ್ಣು ಮೆತ್ತಿ ಒಣಗಿರುತ್ತದೆ. ಇದರಿಂದ ಚಕ್ರದ ತೂಕ ಒಂದು ಕಡೆಗೆ ಜಾಸ್ತಿಯಾಗಿ ವೇಗದಲ್ಲಿ ಸ್ಟೇರಿಂಗು ನಡುಗುತ್ತದೆ. ಕೆರೆದು ತೊಳೆದರೆ ಸಾಕು, ಬೇರೇನೂ ಬೇಕಾಗಿಲ್ಲ.

ಮೂರನೆಯದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುವ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ಹುರುಳಿಯ ಬಳ್ಳಿ ಕಾರಿನ ಮುಂದಿನ ಗಾಲಿಗೆ ಶಕ್ತಿ ಕೊಡುವ ದಂಡಕ್ಕೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಮೊದಲು "ಸರಸರ" ಎಂಬ ಸದ್ದು, ಅನಂತರ ಸುಟ್ಟ ವಾಸನೆ. ಒಣಗಿದ ಹೊಟ್ಟು ಬಿಸಿಯಾದ ಬ್ರೇಕಿಗೋ ಹೊಗೆ ಕೊಳವೆಗೋ ತಗುಲಿದರೆ ಹೊತ್ತಿಕೊಳ್ಳಲು ಹೆಚ್ಚು ಸಮಯ ಬೇಡ. ಹೀಗೆ ಕಾರುಗಳಿಗೆ ಬೆಂಕಿ ಬಿದ್ದ ಸುದ್ದಿಗಳನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಅಂಥ ರಸ್ತೆ ದಾಟಿದ ಮೇಲೆ ಸರಸರ ಸದ್ದು ಬಂದರೆ ಮನೆ ಮುಟ್ಟುವ ತನಕ ಕಾಯದೆ ಅಲ್ಲಿಯೇ ನಿಲ್ಲಿಸಿ, ಎಂಜಿನ್ನು ಆರಿಸಿ, ಎಲ್ಲರನ್ನೂ ಕೆಳಗಿಳಿಸಿ ನೋಡಿರಿ. ಸುತ್ತಿದ ಬಳ್ಳಿಯನ್ನು ಕುಡುಗೋಲಿನಿಂದ ಎಳೆದು ಕತ್ತರಿಸುವಾಗ ದಂಡದ ತುದಿಯಲ್ಲಿರುವ ರಬ್ಬರಿನ ಚೀಲಕ್ಕೆ ಅಲಗು ತಾಗಬಾರದು. ಆ ಚೀಲದ ಮಹತ್ವವನ್ನು ಮುಂದೆ ಹೇಳಿದ್ದೇನೆ. ರಸ್ತೆಯಲ್ಲಿ ಒಕ್ಕಿದ ಧಾನ್ಯಕ್ಕೆ ಕಲ್ಲು, ಮಣ್ಣು, ಎಣ್ಣೆ ಬೆರೆತು ಬೆಲೆ ಇಳಿಯುವುದು ಬೇರೆಯೇ ಮಾತು.

ಕಾರಿನ ಕೆಳಗೆ ಕೈಹಾಕುವ ಮುನ್ನ

ಗಾಲಿಯನ್ನು ಎತ್ತಿ ನೋಡುವಾಗ ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಹ್ಯಾಂಡ್ ಬ್ರೇಕು ಎಳೆದು, ಹಿಂದಿನ ಎರಡೂ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿರಿ. ಕಾರಿನ ಜೊತೆ ಬಂದ ಜಾಕು ಗಾಲಿ ಬಿಚ್ಚುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ತಲೆ ತೂರಿಸಬಾರದು. ಕೆಳಗೆ ಕಬ್ಬಿಣದ ಸ್ಟ್ಯಾಂಡು ಅಥವಾ ಅಡ್ಡಲಾಗಿ ಜೋಡಿಸಿದ ಗಟ್ಟಿ ಮರದ ದಿಮ್ಮಿಗಳನ್ನು ಕೊಡತಕ್ಕದ್ದು. ಇಟ್ಟಿಗೆ, ಟೊಳ್ಳು ಸಿಮೆಂಟು ಇಟ್ಟಿಗೆಗಳು ಭಾರಕ್ಕೆ ಸೂಚನೆಯೇ ಕೊಡದೆ ಪುಡಿಯಾಗುತ್ತವೆ. ಮಾರುತಿ 800 ಹಗುರ ಕಾರೆಂದು ಹೆಸರಾದರೂ ಅದು ಆರು ಕ್ವಿಂಟಲಿಗಿಂತ ಹೆಚ್ಚು ತೂಗುತ್ತದೆ ಎಂಬುದು ನೆನಪಿನಲ್ಲಿರಲಿ.

ಸದ್ದನ್ನು ಆಲಿಸುವ ಕ್ರಮ

ಸದ್ದು ಯಾವಾಗ ಬರುತ್ತದೆ ಎಂಬುದು ಅದು ಹೇಗಿದೆ ಎಂಬುದಕ್ಕಿಂತ ಹೆಚ್ಚು ತಿಳಿಸುತ್ತದೆ. ನೇರ ಓಟದಲ್ಲೋ, ತಿರುವಿನಲ್ಲೋ, ಗುಂಡಿಯಲ್ಲೋ, ಬ್ರೇಕು ತುಳಿದಾಗಲೋ? ಒಂದು ಚೀಟಿಯಲ್ಲಿ ಇದನ್ನು ಬರೆದಿಟ್ಟುಕೊಳ್ಳಿರಿ. ಮೆಕ್ಯಾನಿಕ್ಕಿನ ಮುಂದೆ ನಿಂತಾಗ ಸದ್ದು ಬರುವುದಿಲ್ಲವೆಂಬುದು ಎಲ್ಲರ ಅನುಭವ; ಆಗ ಈ ಚೀಟಿಯೇ ಸಾಕ್ಷಿ.

ಮೊದಲು ಸದ್ದು ಎಂಜಿನ್ನಿನದೋ ಗಾಲಿಯದೋ ಎಂದು ಬೇರ್ಪಡಿಸಬೇಕು. ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ 40-50 ಕಿ.ಮೀ. ವೇಗದಲ್ಲಿರುವಾಗ ಕ್ಲಚ್ಚು ತುಳಿದು ಗೇರನ್ನು ನ್ಯೂಟ್ರಲ್ಲಿಗೆ ತನ್ನಿರಿ. ಎಂಜಿನ್ನಿನ ವೇಗ ಇಳಿದರೂ ಸದ್ದು ಹಾಗೆಯೇ ಮುಂದುವರಿದು ಕಾರಿನ ವೇಗದೊಂದಿಗೆ ಮಾತ್ರ ಇಳಿದರೆ ಅದು ಗಾಲಿಯ ಕಡೆಯದು. ಆದರೆ ಓಡುತ್ತಿರುವಾಗ ಬೀಗದ ಕೈ ತಿರುಗಿಸಿ ಎಂಜಿನ್ನು ಆರಿಸಕೂಡದು. ಸ್ಟೇರಿಂಗು ಬೀಗ ಬಿದ್ದೀತು, ಬ್ರೇಕಿಗೆ ಎಂಜಿನ್ನಿನಿಂದ ದೊರೆಯುವ ನೆರವೂ ನಿಂತೀತು.

ಇನ್ನೊಂದು ಸರಳ ಲೆಕ್ಕವಿದೆ. 12 ಅಂಗುಲದ ಚಕ್ರಕ್ಕೆ ಹಾಕುವ 145/70 ಅಳತೆಯ ಟೈರಿನ ಸುತ್ತಳತೆ ಸುಮಾರು 1.6 ಮೀಟರು. ಮನುಷ್ಯ ನಡೆಯುವ ವೇಗದಲ್ಲಿ, ಅಂದರೆ ಗಂಟೆಗೆ 5 ಕಿ.ಮೀ.ನಲ್ಲಿ, ಗಾಲಿ ಸೆಕೆಂಡಿಗೆ ಸರಿಸುಮಾರು ಒಂದು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಕಾರು ಸಾಗುವಾಗ ಸೆಕೆಂಡಿಗೊಮ್ಮೆ "ಟಕ್" ಎಂದರೆ ಗಾಲಿಯಲ್ಲಿ ಒಂದೇ ಜಾಗದಲ್ಲಿ ಏನೋ ಇದೆ: ಟೈರಿಗೆ ಚುಚ್ಚಿದ ಕಲ್ಲು, ಮೊಳೆ, ಟೈರಿನ ಉಬ್ಬು ಅಥವಾ ಸಡಿಲ ನಟ್ಟು. ಒಂದು ಸುತ್ತಿಗೆ ಹಲವು ಬಾರಿ ಟಕಟಕ ಎಂದರೆ ಕಾರಣ ಬೇರೆ.

ಗುಂಯ್ ಎಂಬ ಸದ್ದು

ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ಕೇಳಿಬರುವುದೂ, ಅತಿ ಹೆಚ್ಚು ದಾರಿ ತಪ್ಪಿಸುವುದೂ ಈ ಸದ್ದೇ. ವೇಗ ಏರಿದಂತೆ ಹಿಟ್ಟಿನ ಗಿರಣಿಯಂತೆ ಏರುವ ಗುಂಯ್ಗುಟ್ಟುವಿಕೆ. ಇದಕ್ಕೆ ಎರಡು ಕಾರಣಗಳು: ಸವೆದ ಬೇರಿಂಗು, ಇಲ್ಲವೇ ಏರುಪೇರಾಗಿ ಸವೆದ ಟೈರು. ಕಿವಿಗೆ ಎರಡೂ ಒಂದೇ.

ಈ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ನನ್ನ ಹಳೆಯ ಕಾರಿನಲ್ಲಿ ಈ ಸದ್ದು ಬಂದಾಗ ಒಂದು ಗ್ಯಾರೇಜಿನವರು ಎಡಗಡೆಯ ಬೇರಿಂಗು ಬದಲಿಸಿದರು. ಸದ್ದು ನಿಲ್ಲಲಿಲ್ಲ. ಅನಂತರ ಬಲಗಡೆಯದನ್ನೂ ಬದಲಿಸಿದರು. ಆಗಲೂ ನಿಲ್ಲಲಿಲ್ಲ. ಕೊನೆಗೆ ಬೇರೆ ಊರಿನಲ್ಲಿ ಪಂಕ್ಚರ್ ಹಾಕುವ ಹುಡುಗನೊಬ್ಬ ಟೈರಿನ ಮೇಲೆ ಅಂಗೈ ಸವರಿ "ಸಾರ್, ಗರಗಸ ಆಗಿದೆ" ಎಂದ. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿದ ಕೂಡಲೇ ಸದ್ದೂ ಹಿಂದಕ್ಕೆ ಹೋಯಿತು. ಹೊಲದಲ್ಲಿ ನಾನು ರೈತರಿಗೆ ಹೇಳುವ ಮಾತನ್ನು ನನ್ನ ಕಾರಿಗೆ ನಾನೇ ಅನ್ವಯಿಸಿರಲಿಲ್ಲ.

ಆದ್ದರಿಂದ ಮೊದಲು ಟೈರು. ಕಾರು ನಿಂತಿರುವಾಗ ಟೈರಿನ ಮೈಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿರಿ. ಹೊರಬಂದ ತಂತಿಯೇನಾದರೂ ಇದ್ದರೆ ಕೈ ಕೊಯ್ದೀತು, ಮೊದಲು ಕಣ್ಣಿನಿಂದ ನೋಡಿರಿ. ಒಂದು ಕಡೆ ಸವರಿದರೆ ನುಣುಪು, ಇನ್ನೊಂದು ಕಡೆ ಸವರಿದರೆ ಗರಗಸದ ಹಲ್ಲಿನಂತೆ ತಡೆ ಸಿಕ್ಕಿದರೆ ಗಾಲಿಗಳ ನೇರ ತಪ್ಪಿದೆ ಎಂದರ್ಥ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರು ಸೋತಿರಬಹುದು. ಟೈರಿನ ಸದ್ದು ರಸ್ತೆಯೊಂದಿಗೆ ಬದಲಾಗುತ್ತದೆ: ಒರಟು ಡಾಂಬರಿನಲ್ಲಿ ಒಂದು ಬಗೆ, ನುಣುಪು ಕಾಂಕ್ರೀಟಿನಲ್ಲಿ ಇನ್ನೊಂದು ಬಗೆ, ಮಣ್ಣುದಾರಿಯಲ್ಲಿ ಇಲ್ಲವೇ ಇಲ್ಲವೆಂಬಷ್ಟು. ಬೇರಿಂಗಿನ ಸದ್ದು ರಸ್ತೆ ಬದಲಾದರೂ ಬದಲಾಗುವುದಿಲ್ಲ. ಖಚಿತವಾಗಬೇಕಾದರೆ ಮುಂದಿನ, ಹಿಂದಿನ ಟೈರುಗಳನ್ನು ಅದಲುಬದಲು ಮಾಡಿ ಓಡಿಸಿ ನೋಡಿರಿ. ಇದಕ್ಕೆ ಖರ್ಚಿಲ್ಲ, ಅರ್ಧ ಗಂಟೆಯ ಶ್ರಮ ಮಾತ್ರ.

ಟೈರಿನ ವಯಸ್ಸನ್ನೂ ಇದೇ ಸಮಯದಲ್ಲಿ ನೋಡಬಹುದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಕಡಮೆ ಓಡುವ ಹಳ್ಳಿಯ ಕಾರಿನ ಟೈರಿನಲ್ಲಿ ಹಲ್ಲು ಉಳಿದಿದ್ದರೂ ಬಿಸಿಲಿಗೆ ರಬ್ಬರು ಒಡೆದು ಬಿರುಕು ಬಿಟ್ಟಿರುವುದುಂಟು.

ಟೈರು ಸರಿಯಾಗಿದ್ದರೆ ಬೇರಿಂಗಿನ ಪರೀಕ್ಷೆ. ಬಿಡುವಾದ ಅಗಲ ರಸ್ತೆಯಲ್ಲಿ ಸುಮಾರು 40 ಕಿ.ಮೀ. ವೇಗದಲ್ಲಿ ಸ್ಟೇರಿಂಗನ್ನು ನಯವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿರಿ. ಎಡಕ್ಕೆ ತಿರುಗಿಸಿದಾಗ ಕಾರಿನ ಭಾರ ಬಲಗಡೆಯ ಗಾಲಿಗಳ ಮೇಲೆ ವಾಲುತ್ತದೆ. ಎಡಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಾಗಿ ಬಲಕ್ಕೆ ತಿರುಗಿಸಿದಾಗ ಕಡಮೆಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗು ಕೆಟ್ಟಿದೆ ಎಂದು ತಿಳಿಯಬೇಕು. ಇದರ ವಿರುದ್ಧವಾದರೆ ಎಡಗಡೆಯದು.

ಅನಂತರ ಆ ಗಾಲಿಯನ್ನು ನೆಲದಿಂದ ಎತ್ತಿ, ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಒಂದು ಕೈಯನ್ನು ಗಾಲಿಯ ಮೇಲಿರುವ ಸುರುಳಿ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಟ್ಟು ಇನ್ನೊಂದು ಕೈಯಿಂದ ಗಾಲಿ ತಿರುಗಿಸಿರಿ. ಬೇರಿಂಗು ಕೆಟ್ಟಿದ್ದರೆ ಮರಳಿನ ಮೇಲೆ ರೊಟ್ಟಿ ಒತ್ತಿದಂತಹ ಒರಟುತನ ಸ್ಪ್ರಿಂಗಿನ ಮೂಲಕ ಬೆರಳಿಗೆ ತಿಳಿಯುತ್ತದೆ. ಈ ಗಾಲಿ ಗೇರುಪೆಟ್ಟಿಗೆಗೆ ಜೋಡಿಸಿದ್ದಾದ್ದರಿಂದ ಸಲೀಸಾಗಿ ಸುತ್ತುವುದಿಲ್ಲ, ಬ್ರೇಕಿನ ಪ್ಯಾಡು ಸ್ವಲ್ಪ ಸವರುವುದೂ ಸಹಜ. ಅದನ್ನು ದೋಷವೆಂದು ಭಾವಿಸಬಾರದು.

ನಮ್ಮ ಕಡೆ ಬೇರಿಂಗುಗಳು ಬೇಗ ಹೋಗಲು ಮುಖ್ಯ ಕಾರಣ ನೀರು. ದೂರ ಓಡಿ ಬಿಸಿಯಾದ ಕಾರನ್ನು ನೇರವಾಗಿ ಹಳ್ಳಕ್ಕೋ ಕಾಲುವೆಗೋ ಇಳಿಸಿದಾಗ ಬೇರಿಂಗಿನ ಒಳಗಿನ ಬಿಸಿ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆಗ ಅದು ಹೊರಗಿನ ಕೆಸರು ನೀರನ್ನು ಸೀಲಿನ ಸಂದಿಯಿಂದ ಒಳಕ್ಕೆ ಹೀರಿಕೊಳ್ಳುತ್ತದೆ. ಒಳಹೊಕ್ಕ ಮಣ್ಣಿನ ಕಣ ಗ್ರೀಸಿನೊಂದಿಗೆ ಕಲೆತು ಉಜ್ಜುವ ಪುಡಿಯಾಗುತ್ತದೆ. ಕಾರು ತೊಳೆಯಬೇಕಾದರೆ ಗಾಲಿ ತಣಿಯುವ ತನಕ ಕಾಯಿರಿ. ಪಂಪಿನ ಬಿರುಸು ಧಾರೆಯನ್ನು ಗಾಲಿಯ ನಡುಭಾಗಕ್ಕೆ ಹಿಡಿಯಬೇಡಿರಿ.

ತಿರುವಿನಲ್ಲಿ ಟಕಟಕ

ಹೊಲದ ದಾರಿಯಿಂದ ರಸ್ತೆಗೆ ಏರಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಮಾತ್ರ "ಟಕ ಟಕ ಟಕ" ಎಂದು ಕೇಳಿ, ನೇರವಾದೊಡನೆ ನಿಂತರೆ ದೋಷ ಗಾಲಿಗೆ ಶಕ್ತಿ ತಲುಪಿಸುವ ದಂಡದ ಹೊರಗಿನ ಕೀಲಿನಲ್ಲಿದೆ. ಆಕ್ಸಲ್ ಜಾಯಿಂಟು ಎಂದು ಗ್ಯಾರೇಜುಗಳಲ್ಲಿ ಕರೆಯುವುದು ಇದನ್ನೇ. ಗಾಲಿ ಎಷ್ಟೇ ತಿರುಗಿ ನಿಂತರೂ ಅದಕ್ಕೆ ಸಮವೇಗದಲ್ಲಿ ಶಕ್ತಿ ಮುಟ್ಟಬೇಕಲ್ಲವೆ? ಅದಕ್ಕಾಗಿ ಕೀಲಿನೊಳಗೆ ಉಕ್ಕಿನ ಗುಂಡುಗಳು ಬಾಗಿದ ಗಾಡಿಗಳಲ್ಲಿ ಹಿಂದುಮುಂದು ಸರಿಯುತ್ತವೆ. ಗಾಡಿ ಸವೆದು ತಗ್ಗು ಬಿದ್ದಾಗ ಗುಂಡು ಹಾರಿ ಬೀಳುತ್ತದೆ, ಸದ್ದು ಬರುತ್ತದೆ. ನೇರ ಓಟದಲ್ಲಿ ಗುಂಡುಗಳ ಚಲನೆ ಕಡಮೆ, ಆದ್ದರಿಂದ ಸದ್ದಿಲ್ಲ.

ಪರೀಕ್ಷಿಸಲು ಕಣದಂತಹ ಬಯಲು ಜಾಗ ಸಾಕು. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಮೊದಲ ಗೇರಿನಲ್ಲಿ ನಿಧಾನವಾಗಿ ವೃತ್ತಾಕಾರ ಓಡಿಸಿರಿ, ಅನಂತರ ಇನ್ನೊಂದು ಕಡೆಗೆ. ಯಾವ ಗಾಲಿಯಿಂದ ಸದ್ದು ಬರುತ್ತದೆಂಬುದನ್ನು ಸುರಕ್ಷಿತ ದೂರದಲ್ಲಿ ನಿಂತು ಆಲಿಸುವ ಮತ್ತೊಬ್ಬರು ಹೇಳಬಲ್ಲರು. ಒಳಗೆ ಕುಳಿತವನ ಕಿವಿಯನ್ನು ಪೂರ್ತಿ ನಂಬಲಾಗದು.

ಈ ಕೀಲಿಗೆ ರಕ್ಷಣೆ ಒಂದೇ: ಅದರ ಮೇಲಿನ ಮಡಿಕೆಮಡಿಕೆಯಾದ ರಬ್ಬರಿನ ಚೀಲ. ಒಳಗೆ ಗ್ರೀಸು ತುಂಬಿರುತ್ತದೆ. ಚೀಲ ಹರಿದರೆ ಗಾಲಿ ತಿರುಗುವ ರಭಸಕ್ಕೆ ಗ್ರೀಸು ಹೊರಕ್ಕೆ ಸಿಡಿದು, ಧೂಳು, ನೀರು ಒಳಸೇರುತ್ತವೆ. ಗಾಲಿಯ ಒಳಮಗ್ಗುಲಲ್ಲಿ, ಹತ್ತಿರದ ತಗಡಿನ ಮೇಲೆ ಕಪ್ಪು ಗ್ರೀಸಿನ ಸಿಡಿತ ಕಂಡರೆ ಚೀಲ ಹರಿದಿದೆ ಎಂದು ತಿಳಿಯಿರಿ. ಪೇಟೆಯ ಕಾರಿಗೆ ಈ ಚೀಲ ಬಹುಕಾಲ ಬಾಳುತ್ತದೆ. ನಮ್ಮಲ್ಲಿ ಹಾಗಾಗುವುದಿಲ್ಲ. ಕಟಾವಾದ ಜೋಳದ, ತೊಗರಿಯ ಹೊಲದಲ್ಲಿ ಕಾರು ಓಡಿಸಿದಾಗ ಓರೆಯಾಗಿ ಕೊಯ್ದ ಕೂಳೆಗಳು ಈಟಿಯಂತೆ ನಿಂತಿರುತ್ತವೆ. ಜಾಲಿಯ ಮುಳ್ಳೂ ಅಷ್ಟೆ. ಹೊಲದೊಳಕ್ಕೆ ಮೂಟೆ ತರಲು ಎತ್ತಿನ ಗಾಡಿಯೋ ಟ್ರ್ಯಾಕ್ಟರಿನ ಟ್ರೈಲರೋ ಇರುವಾಗ ಕಾರನ್ನು ಬದುವಿನ ಬಳಿಯೇ ನಿಲ್ಲಿಸುವುದು ಲೇಸು.

ಇಲ್ಲಿ ಸಮಯವೇ ಹಣ. ಚೀಲ ಹರಿದದ್ದು ಕಂಡು, ಸದ್ದು ಇನ್ನೂ ಆರಂಭವಾಗಿರದಿದ್ದರೆ, ಕೀಲನ್ನು ಬಿಚ್ಚಿ ತೊಳೆದು, ಹೊಸ ಚೀಲ, ಹೊಸ ಪಟ್ಟಿ, ಇದಕ್ಕೆಂದೇ ಮಾರುವ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸು ಹಾಕಿದರೆ ಮುಗಿಯಿತು. ಟಕಟಕ ಎಂದು ಆರಂಭವಾದ ಮೇಲೆ ಹೊಸ ಗ್ರೀಸು ಹಾಕಿದರೆ ಸದ್ದು ಕೆಲವು ದಿನ ಅಡಗುತ್ತದೆಯೇ ಹೊರತು ಸವೆದ ಉಕ್ಕು ತುಂಬಿಕೊಳ್ಳುವುದಿಲ್ಲ. ಆಗ ಕೀಲನ್ನೇ ಬದಲಿಸಬೇಕು. ಟ್ರ್ಯಾಕ್ಟರಿಗೆಂದು ತಂದ ಮಾಮೂಲು ಗ್ರೀಸನ್ನು ಇದರಲ್ಲಿ ತುಂಬುವುದು ಸರಿಯಲ್ಲ. ಸದ್ದನ್ನು ನಿರ್ಲಕ್ಷಿಸುತ್ತ ಹೋದರೆ ಒಂದು ದಿನ ಕೀಲು ಮುರಿದು ಎಂಜಿನ್ನು ಓಡಿದರೂ ಕಾರು ಅಲುಗದೆ ನಿಲ್ಲುತ್ತದೆ.

ಗುಂಡಿಯಲ್ಲಿ ದಡಬಡ

ಈ ಸದ್ದನ್ನು ಅಲಕ್ಷಿಸಬೇಡಿರಿ ಎಂದು ನಾನು ಬೇರೆ ಯಾವುದಕ್ಕಿಂತ ಹೆಚ್ಚಾಗಿ ಕೇಳಿಕೊಳ್ಳುತ್ತೇನೆ. ಮಿಕ್ಕ ಸದ್ದುಗಳು ದಾರಿಯಲ್ಲಿ ನಿಲ್ಲಿಸುತ್ತವೆ. ಇದು ದಾರಿಯಿಂದ ಹೊರಕ್ಕೆ ಎಸೆಯಬಲ್ಲದು.

ಗಾಲಿಯ ಕೆಳತುದಿಯನ್ನು ಹಿಡಿದಿರುವುದು ಕೆಳಗಿನ ತೋಳು. ಅದರ ತುದಿಯಲ್ಲಿ ಒಂದು ಗುಂಡು ಒಂದು ಬಟ್ಟಲಿನಲ್ಲಿ ಕುಳಿತಿರುತ್ತದೆ. ನಮ್ಮ ಸೊಂಟದ ಮೂಳೆಯ ಕೀಲಿನಂತೆ. ಇದೇ ಬಾಲ್ ಜಾಯಿಂಟು. ಬಟ್ಟಲು ಸವೆದು ಸಡಿಲವಾದಾಗ ಗುಂಡಿಗೆ ಇಳಿದಾಗೆಲ್ಲ "ಡಬ್" ಎನ್ನುತ್ತದೆ. ಪೂರ್ತಿ ಕಳಚಿಕೊಂಡರೆ ಗಾಲಿ ಅಡ್ಡಲಾಗಿ ಮಡಚಿ ಕಾರು ಆ ಮೂಲೆಗೆ ಕುಸಿಯುತ್ತದೆ. ನನಗೆ ಪರಿಚಯದ ರೈತರೊಬ್ಬರಿಗೆ ಹೀಗಾಯಿತು. ಎರಡು ತಿಂಗಳಿಂದ ಸದ್ದಿತ್ತು, ಕಡಲೆಕಾಯಿ ಮಾರಿದ ಮೇಲೆ ನೋಡಿಸೋಣ ಎಂದಿದ್ದರು. ಮೂಟೆ ಹೇರಿಕೊಂಡು ತೋಟದ ಗೇಟು ದಾಟುವಾಗ, ಇನ್ನೂ ಮೊದಲ ಗೇರಿನಲ್ಲಿರುವಾಗಲೇ, ಗಾಲಿ ಮಡಚಿತು. ಯಾರಿಗೂ ಪೆಟ್ಟಾಗಲಿಲ್ಲ. ಹೆದ್ದಾರಿ ಅಲ್ಲಿಂದ ಒಂದು ಫರ್ಲಾಂಗು ದೂರವಿತ್ತು. ಹಿಂದಿನ ಸೀಟಿನಲ್ಲಿ ಅವರ ಇಬ್ಬರು ಮೊಮ್ಮಕ್ಕಳಿದ್ದರು.

ಪರೀಕ್ಷೆ ಕಷ್ಟವಲ್ಲ. ಗಾಲಿಯನ್ನು ಎತ್ತಿ, ಗಡಿಯಾರದ 12 ಮತ್ತು 6ರ ಸ್ಥಾನಗಳಲ್ಲಿ, ಎಂದರೆ ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಸಡಿಲವಿದ್ದರೆ ಇನ್ನೊಬ್ಬರನ್ನು ಬ್ರೇಕು ತುಳಿಯಲು ಹೇಳಿ ಮತ್ತೆ ಅಲುಗಿಸಿರಿ. ಬ್ರೇಕು ತುಳಿದಾಗ ಸಡಿಲ ಮಾಯವಾದರೆ ಅದು ಬೇರಿಂಗಿನದು. ಆಗಲೂ ಉಳಿದರೆ ಬಾಲ್ ಜಾಯಿಂಟಿನದು. 9 ಮತ್ತು 3ರ ಸ್ಥಾನಗಳಲ್ಲಿ, ಎಂದರೆ ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಸಿಕ್ಕಿದರೆ ಸ್ಟೇರಿಂಗಿನ ಕೊಂಡಿಯ ತುದಿಯ ಕೀಲನ್ನು ನೋಡಬೇಕು. ಬಾಲ್ ಜಾಯಿಂಟು, ಸ್ಟೇರಿಂಗಿನ ಕೊಂಡಿ ಇವುಗಳಲ್ಲಿ ಸಡಿಲ ಕಂಡರೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿರಿ, ಮೆಕ್ಯಾನಿಕ್ಕನ್ನೇ ಕರೆಸಿರಿ. ಬಾಲ್ ಜಾಯಿಂಟಿಗೆ ಬೆಸುಗೆ ಹಾಕಿಸುವುದು, ಬಟ್ಟಲಿಗೆ ತಗಡು ತುರುಕುವುದು ಇವೆಲ್ಲ ಜೀವದ ಜೊತೆ ಆಟ.

ದಡಬಡಕ್ಕೆ ಅಷ್ಟು ಗಂಭೀರವಲ್ಲದ ಕಾರಣಗಳೂ ಇವೆ. ಮಾರುತಿ 800ರಲ್ಲಿ ಎರಡೂ ಕೆಳತೋಳುಗಳನ್ನು ಕೂಡಿಸುವ ಒಂದು ಬಾಗಿದ ಸರಳಿದೆ. ಅದರ ತುದಿಯ ರಬ್ಬರು ಬುಷ್ಷುಗಳು ಸವೆದರೆ ಸಣ್ಣ ಗುಂಡಿಗಳಲ್ಲಿ ಲಟಲಟ ಎನ್ನುತ್ತದೆ, ಬ್ರೇಕು ತುಳಿದಾಗ ಒಮ್ಮೆ "ಟಕ್" ಎನ್ನುತ್ತದೆ. ಬುಷ್ಷುಗಳ ಬೆಲೆ ಅತಿ ಕಡಮೆ. ಕಾರು ನಿಂತಿರುವಾಗ ಸ್ಟೇರಿಂಗು ತಿರುಗಿಸಿದರೆ ಸ್ಪ್ರಿಂಗು "ಟೊಂಯ್" ಎಂದು ಜಿಗಿದರೆ ಶಾಕ್ ಅಬ್ಸಾರ್ಬರಿನ ತಲೆಯ ಮೇಲಿನ ಆಧಾರ ಹಾಳಾಗಿದೆ. ಸರ್ವಿಸು ಮಾಡಿಸಿದ ಮೇಲೆ ಅಡಿಭಾಗಕ್ಕೆಲ್ಲ ಡೀಸೆಲ್ ಹೊಡೆಯುವ ಪದ್ಧತಿ ಅನೇಕ ಕಡೆ ಇದೆ. ಎರಡು ದಿನ ಕಿರಿಕಿರಿ ನಿಂತಂತೆ ಕಂಡರೂ ಡೀಸೆಲಿಗೆ ರಬ್ಬರು ಉಬ್ಬಿ ಮೆತ್ತಗಾಗಿ ಬುಷ್ಷುಗಳು ಬೇಗ ಹೋಗುತ್ತವೆ. ಬೇಡವೆಂದು ಮೊದಲೇ ಹೇಳಿರಿ.

ಬ್ರೇಕಿನ ಸದ್ದು

ಮಳೆಯಲ್ಲಿ ರಾತ್ರಿಯೆಲ್ಲ ನಿಂತ ಕಾರಿನ ಬ್ರೇಕು ಬೆಳಿಗ್ಗೆ ಮೊದಲ ನಾಲ್ಕಾರು ಸಲ ಕರಕರ ಎನ್ನುವುದು ಡಿಸ್ಕಿನ ಮೇಲಿನ ತುಕ್ಕಿನಿಂದ; ತಾನಾಗಿ ಹೋಗುತ್ತದೆ. ಮಣ್ಣುದಾರಿಯಲ್ಲಿ ಓಡುವಾಗ ಇದ್ದಕ್ಕಿದ್ದಂತೆ ಕಿವಿ ಕೊರೆಯುವ ಕಿರಿಚಾಟ ಆರಂಭವಾದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು. ಕಾರನ್ನು ಸ್ವಲ್ಪ ಹಿಂದಕ್ಕೆ ಓಡಿಸಿದರೆ ಅನೇಕ ವೇಳೆ ಬೀಳುತ್ತದೆ. ಬ್ರೇಕು ತುಳಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕೇಳಿದರೆ ಮಾತ್ರ ಪ್ಯಾಡು ಪೂರ್ತಿ ಸವೆದಿದೆ. ಉಜ್ಜುವ ಪದರ 3 ಮಿ.ಮೀ.ಗೆ ಇಳಿದಾಗಲೇ ಎರಡೂ ಗಾಲಿಗಳ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಬೇಕು. ಒಂದೇ ಕಡೆ ಬದಲಿಸಿದರೆ ಬ್ರೇಕು ಒಂದು ಬದಿಗೆ ಎಳೆಯುತ್ತದೆ. ಅಲ್ಲಿನ ಧೂಳನ್ನು ಬಾಯಿಂದಲೋ ಗಾಳಿಯ ಪಂಪಿನಿಂದಲೋ ಊದಬೇಡಿರಿ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ನೀರಿನಿಂದ ನೆನೆಸಿ ಒರೆಸಿರಿ.

ಬೇರಿಂಗು ಬದಲಿಸುವಾಗ

ಟ್ರ್ಯಾಕ್ಟರಿನ ಮುಂದಿನ ಗಾಲಿಯ ಬೇರಿಂಗನ್ನು ನಿಮ್ಮಲ್ಲಿ ಹಲವರು ತಾವೇ ಸರಿಪಡಿಸಬಲ್ಲಿರಿ. ಗಾಲಿ ತಿರುಗಿಸುತ್ತ ಕಿರೀಟದಂಥ ನಟ್ಟನ್ನು ಬಿಗಿದು, ಸ್ವಲ್ಪ ಹಿಂದಕ್ಕೆ ಬಿಟ್ಟು, ಸೀಳು ಪಿನ್ನು ತೂರಿಸಿದರೆ ಸಡಿಲ ಹೋಗುತ್ತದೆ. ಆ ಅನುಭವದಿಂದ ಕಾರಿನ ನಟ್ಟನ್ನೂ ಬಿಗಿದು ನೋಡುವವರಿದ್ದಾರೆ. ಮಾರುತಿಯಂಥ ಕಾರಿನ ಬೇರಿಂಗಿಗೆ ಹೀಗೆ ಬಿಗಿ ಮಾಡುವ ಅವಕಾಶವಿಲ್ಲ. ಅದರಲ್ಲಿ ನಟ್ಟನ್ನು ನಿಗದಿತ ಬಲದಲ್ಲಿ ಪೂರ್ತಿ ಬಿಗಿಯಬೇಕು; ಸವೆದ ಬೇರಿಂಗನ್ನು ಬದಲಿಸುವುದೇ ದಾರಿ.

ಬೇರಿಂಗನ್ನು ಅದರ ಗೂಡಿನೊಳಕ್ಕೆ ಪ್ರೆಸ್ಸಿನಿಂದ ಒತ್ತಿಸಬೇಕು, ಸುತ್ತಿಗೆಯಿಂದ ಬಡಿಯಬಾರದು. ಒತ್ತುವಾಗಲೂ ಗೂಡಿಗೆ ಕೂರುವ ಹೊರ ಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಒಳ ಬಳೆಯನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾಯ್ದು ನುಣುಪಾದ ಗಾಡಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. "ಹೊಸ ಬೇರಿಂಗು ಹಾಕಿಸಿ ತಿಂಗಳಾಗಿಲ್ಲ, ಮತ್ತೆ ಸದ್ದು" ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಇರುತ್ತದೆ. ಹತ್ತಿರದ ಊರಿನಲ್ಲಿ ಪ್ರೆಸ್ಸಿಲ್ಲದಿದ್ದರೆ ಗಾಲಿಯ ಗೂಡನ್ನು ಬಿಚ್ಚಿಸಿ, ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ಒತ್ತಿಸಿಕೊಂಡು ಬಂದರೂ ನಷ್ಟವಿಲ್ಲ. ಗೂಡಿನ ಒಳಮೈ ಗೀರು ಬಿದ್ದು ಬೇರಿಂಗು ಕೈಯಿಂದಲೇ ಸಲೀಸಾಗಿ ಒಳಗಿಳಿಯುವಂತಿದ್ದರೆ ಗೂಡೂ ಕೆಟ್ಟಿದೆ. ಅದರೊಳಗೆ ಹೊಸ ಬೇರಿಂಗು ನಿಲ್ಲುವುದಿಲ್ಲ. ಕೆಟ್ಟ ಬೇರಿಂಗಿನಲ್ಲಿ ತಿಂಗಳುಗಟ್ಟಲೆ ಓಡಿಸಿದವರಿಗೆ ಬೀಳುವ ದಂಡ ಇದೇ.

ಸೀಲುಗಳನ್ನೂ ಜೊತೆಗೇ ಹೊಸದಾಗಿ ಹಾಕಿಸಿರಿ. ದಂಡದ ತುದಿಯ ದೊಡ್ಡ ನಟ್ಟನ್ನು ಗಾಲಿ ನೆಲಕ್ಕಿಳಿಸಿದ ಮೇಲೆಯೇ, ಬಿಗಿತ ತೋರಿಸುವ ಸ್ಪ್ಯಾನರಿನಿಂದ ಕಡೆಯ ಬಿಗಿತ ಕೊಡಿಸಿರಿ. ಬಾಲ್ ಜಾಯಿಂಟನ್ನೋ ಸ್ಟೇರಿಂಗಿನ ಕೊಂಡಿಯನ್ನೋ ಬದಲಿಸಿದ್ದರೆ ಗಾಲಿಗಳ ನೇರವನ್ನು ಅಳತೆ ಮಾಡಿಸುವುದು ಅಗತ್ಯ. ಇಲ್ಲವಾದರೆ ಹೊಸ ಟೈರು ಮತ್ತೆ ಗರಗಸವಾಗುತ್ತದೆ. ನೋಂದಣಿಯಾಗಿ 15 ವರ್ಷ ಮುಗಿದ ಕಾರಿನ ನವೀಕರಣಕ್ಕೆ ತಪಾಸಣೆ ಇರುವುದರಿಂದ ಬಿಡಿಭಾಗಗಳ ರಸೀತಿಗಳನ್ನು ಇಟ್ಟುಕೊಂಡು, ಅದಕ್ಕೆ ಮುಂಚೆಯೇ ಈ ಕೆಲಸ ಮುಗಿಸಿಕೊಂಡರೆ ಓಡಾಟ ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಹತ್ತು ಕಿ.ಮೀ. ಓಡಿಸಿ, ಬ್ರೇಕನ್ನು ಹೆಚ್ಚು ಬಳಸದೆ ತಾನಾಗಿ ನಿಲ್ಲುವಂತೆ ಮಾಡಿ, ಎರಡೂ ಮುಂದಿನ ಚಕ್ರಗಳ ನಡುಭಾಗದ ಬಳಿಗೆ ಅಂಗೈ ತನ್ನಿರಿ, ಮುಟ್ಟಬೇಡಿರಿ. ಎರಡೂ ಒಂದೇ ಸಮ ಬೆಚ್ಚಗಿರಬೇಕು. ಒಂದು ಮಾತ್ರ ಕಾಯ್ದ ಹೆಂಚಿನಂತಿದ್ದರೆ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಸರಿಯಾಗಿ ಕುಳಿತಿಲ್ಲ; ಮತ್ತೆ ಬಿಚ್ಚಿಸಲೇಬೇಕು. ಗಾಲಿಯ ನಟ್ಟುಗಳನ್ನು ಸುಮಾರು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಿರಿ.